ಹದಿನೇಳು ಕ್ವಿಂಟಲ್ ತೊಗರಿ ಮತ್ತು ಒಂದು ಇಂಗ್ಲಿಷ್ ಪದವಿ

2025ರ ಮೇ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೇ ಕಲಬುರಗಿಯ ಬಿಸಿಲು ನಮ್ಮ ಅಂಗಳದ ಶಹಾಬಾದಿ ಫರಸಿಯನ್ನು ಕಾಯಿಸಿಬಿಟ್ಟಿತ್ತು. ಜೇವರ್ಗಿ ತಾಲ್ಲೂಕಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ನಾನು ಬ್ಯಾಂಕಿನಲ್ಲಿದ್ದಾಗ ಅವರ ಬೆಳೆಸಾಲದ ಕಡತ ಎಷ್ಟೋ ಸಲ ನನ್ನ ಮೇಜಿನ ಮೇಲೆ ಬಂದುಹೋಗಿದೆ. ನಿವೃತ್ತನಾದ ಮೇಲೂ ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ತೊಗರಿ ತಂದ ದಿನ ಅವರು ನಮ್ಮ ಮನೆಯಲ್ಲಿ ಚಹಾ ಕುಡಿದೇ ಊರಿಗೆ ಮರಳುತ್ತಾರೆ. ಅವತ್ತು ತೊಗರಿಯ ದಿನವಲ್ಲ. ಮಗಳ ಕೈಯಲ್ಲಿ ಹೊಳಪು ಕಾಗದದ ಪುಸ್ತಿಕೆ, ಅಪ್ಪನ ಕೈಯಲ್ಲಿ ಪಹಣಿ. ಎರಡೂ ಒಟ್ಟಿಗೆ ಕಂಡ ಕೂಡಲೇ ಬಂದ ಕೆಲಸ ಏನೆಂದು ತಿಳಿಯಿತು.

ಹೆಸರು, ಊರು ಬರೆಯಬೇಡಿ ಎಂದು ಅಪ್ಪ ಕೇಳಿಕೊಂಡಿದ್ದಾರೆ. ಬರೆದರೂ ಅಡ್ಡಿಯಿಲ್ಲ ಎಂದಳು ಮಗಳು. ನಾನು ಅಪ್ಪನ ಮಾತನ್ನೇ ನಡೆಸಿದ್ದೇನೆ.

ಹುಡುಗಿ ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಳು. ಶೇ 91 ಅಂಕ, ಇಂಗ್ಲಿಷಿನಲ್ಲಿ 94. ಇಂಗ್ಲಿಷ್ ಸಾಹಿತ್ಯವನ್ನೇ ಓದಬೇಕೆಂಬುದು ಅವಳ ಹಟ. ಏಪ್ರಿಲಿನಲ್ಲಿ ಕಲಬುರಗಿಯ ಹೋಟೆಲೊಂದರಲ್ಲಿ ನಡೆದ ಶಿಕ್ಷಣ ಮೇಳಕ್ಕೆ ಗೆಳತಿಯರ ಜೊತೆ ಹೋಗಿದ್ದಾಗ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಮಳಿಗೆಯಲ್ಲಿ ಅವಳ ಅಂಕಪಟ್ಟಿ ನೋಡಿ ಕುರ್ಚಿ ಕೊಟ್ಟು ಕೂರಿಸಿದರಂತೆ. ಮೂರು ವರ್ಷದ ಬಿ.ಎ. ಇಂಗ್ಲಿಷ್. ವರ್ಷಕ್ಕೆ ಶುಲ್ಕ 1,50,000, ಹಾಸ್ಟೆಲ್ ಮತ್ತು ಊಟಕ್ಕೆ 1,10,000, ಪ್ರವೇಶದ ದಿನ ಒಂದೇ ಸಲ 10,000. ಒಟ್ಟು 7,90,000 ರೂಪಾಯಿ. ಅದರಲ್ಲಿ 40,000 ಕೈಯಿಂದ ಹಾಕಿಕೊಂಡರೆ ಉಳಿದ ಏಳೂವರೆ ಲಕ್ಷಕ್ಕೆ ಬ್ಯಾಂಕ್ ಸಾಲ ಸಿಗುತ್ತದೆ ಎಂದು ಅವರೇ ಲೆಕ್ಕ ಹಾಕಿಕೊಟ್ಟಿದ್ದರು.

ಈ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ, ಓದು ದೇಶದೊಳಗಾದರೆ, ಶೇ 5ರಷ್ಟನ್ನು ಮನೆಯವರು ಭರಿಸಬೇಕು. ಏಳೂವರೆ ಲಕ್ಷದವರೆಗೆ ಕೇಂದ್ರದ ಖಾತರಿ ನಿಧಿ ಬ್ಯಾಂಕಿನ ಬೆನ್ನಿಗಿರುವುದರಿಂದ ಅಡಮಾನ ಕೇಳುವಂತಿಲ್ಲ. ಅಪ್ಪ ಪಹಣಿಯನ್ನು ಸುಮ್ಮನೆ ಹೊತ್ತು ತಂದಿದ್ದರು. ಅದನ್ನು ಹೇಳಿದಾಗ ಅವರ ಮುಖ ಅರಳಿತು. ಹೊಲ ಬರೆದುಕೊಡದೆ ಮಗಳು ಬೆಂಗಳೂರಿನಲ್ಲಿ ಓದುವುದಾದರೆ ಇನ್ನೇನು ಬೇಕು? ನನಗೆ ಮಾತ್ರ ಆ ಅರಳಿದ ಮುಖ ಕಂಡು ಸಂಕಟವಾಯಿತು. ಅಡಮಾನವಿಲ್ಲದ ಸಾಲ ಹೊರೆಯಿಲ್ಲದ ಸಾಲದಂತೆ ತೋರುತ್ತದೆ. ಮೂವತ್ತು ವರ್ಷ ಮೇಜಿನ ಆ ಬದಿಗೆ ಕುಳಿತು ನೋಡಿದ್ದೇನೆ, ಜನ ಬಿದ್ದದ್ದು ಹೆಚ್ಚಾಗಿ ಇಂಥ ಜಾಗದಲ್ಲೇ.

"ಸಾಹೇಬರೆ, ಇಂಗ್ಲಿಷ್ ಓದಿದರೆ ನೌಕರಿ ಸಿಗುತ್ತದೆಯೇ ಇಲ್ಲವೇ, ಅಷ್ಟು ಹೇಳಿ ಸಾಕು," ಎಂದರು ಅಪ್ಪ.

ಅಷ್ಟು ಹೇಳಿದರೆ ಸಾಲುತ್ತಿರಲಿಲ್ಲ. ನೌಕರಿ ಸಿಗುತ್ತದೆ. ಯಾವ ವರ್ಷ ಸಿಗುತ್ತದೆ ಎನ್ನುವುದೇ ಪ್ರಶ್ನೆ.

ಕಂತು ಯಾವಾಗ ಶುರುವಾಗುತ್ತದೆ

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದೆವು. ಬ್ಯಾಂಕ್ ಹೇಳಿದ್ದ ಬಡ್ಡಿ ಶೇ 10.5. ಹಣ ವರ್ಷಕ್ಕೆ ಎರಡೂವರೆ ಲಕ್ಷದಂತೆ ಮೂರು ಸಲ ಬಿಡುಗಡೆಯಾಗುತ್ತದೆ. ಓದು ಮುಗಿಯುವುದು 2028ರಲ್ಲಿ, ಆಮೇಲೆ ಒಂದು ವರ್ಷ ಕಂತಿಲ್ಲ. ಬ್ಯಾಂಕಿನವರು ಮೊರಟೋರಿಯಂ ಎಂದು ಕರೆಯುವ ಈ ಬಿಡುವಿನಲ್ಲಿ ಅಸಲು ಕಟ್ಟಬೇಕಿಲ್ಲ, ಆದರೆ ಬಡ್ಡಿಗೆ ರಜೆಯಿಲ್ಲ. ಚಕ್ರಬಡ್ಡಿಯಲ್ಲ, ಸರಳ ಬಡ್ಡಿ, ಅಷ್ಟೇ ಸಮಾಧಾನ. ಮೊದಲ ಎರಡೂವರೆ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 1,05,000. ಎರಡನೆಯದಕ್ಕೆ ಮೂರು ವರ್ಷದ್ದು 78,750. ಮೂರನೆಯದಕ್ಕೆ ಎರಡು ವರ್ಷದ್ದು 52,500. ಕೂಡಿದರೆ 2,36,250. ಅಂದರೆ 2029ರ ಮಧ್ಯದಲ್ಲಿ ಮೊದಲ ಕಂತಿನ ದಿನ ಸಾಲ ಏಳೂವರೆ ಲಕ್ಷವಾಗಿ ಉಳಿದಿರುವುದಿಲ್ಲ, 9,86,250 ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 13,300. ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ ಸುಮಾರು 10,900. ಹಿಗ್ಗಿಸಿದ ತಪ್ಪಿಗೆ ಒಟ್ಟು ಕಟ್ಟುವ ಹಣ ಹತ್ತೊಂಬತ್ತೂವರೆ ಲಕ್ಷ ದಾಟುತ್ತದೆ.

ಅಪ್ಪ ಈ ಅಂಕಿಗಳನ್ನು ನೋಡುತ್ತಿದ್ದರು, ಆದರೆ ಅವು ಅವರಿಗೆ ತಾಗಲಿಲ್ಲ. ಹತ್ತು ಸಾವಿರವೆಂದರೆ ಈಗಿನ ಕಾಲದಲ್ಲಿ ಯಾರಿಗೂ ದೊಡ್ಡದೆನಿಸುವುದಿಲ್ಲ. ಆಗ ನಾನು ಅವರ ಭಾಷೆಗೆ ಇಳಿದೆ. 2024–25ರ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ತಿಂಗಳಿಗೆ 10,900 ಎಂದರೆ ವರ್ಷಕ್ಕೆ 1,30,800. ತೊಗರಿಯಲ್ಲಿ ಹದಿನೇಳು ಕ್ವಿಂಟಲಿನ ಮೇಲೆ ಸ್ವಲ್ಪ. ಅವರದು ನಾಲ್ಕು ಎಕರೆ ಒಣಭೂಮಿ. ಒಳ್ಳೆಯ ವರ್ಷ ಎಕರೆಗೆ ನಾಲ್ಕು ಕ್ವಿಂಟಲಿನಂತೆ ಹದಿನಾರು ಬರುತ್ತದೆ. ಬೀಜ, ಔಷಧ, ಕೂಲಿ ಯಾವುದನ್ನೂ ಕಳೆಯದೆ ರಾಶಿಯನ್ನು ಇದ್ದಂತೆಯೇ ಬ್ಯಾಂಕಿಗೆ ಸುರಿದರೂ ಒಂದು ಕ್ವಿಂಟಲ್ ಕಡಿಮೆ ಬೀಳುತ್ತದೆ. ಹೀಗೆ ಹದಿನೈದು ವರ್ಷ. 2022ರಲ್ಲಿ ನೆಟೆ ರೋಗ ಬಂದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ಅವರಿಗೆ ನೆನಪಿಸಬೇಕಾಗಲಿಲ್ಲ. ಅವರ ಕೈ ಪಹಣಿಯನ್ನು ಮಡಿಸುತ್ತಿತ್ತು.

"ತೊಗರಿಯಲ್ಲಿ ಯಾಕೆ ಎಣಿಸುತ್ತೀರಿ ಕಾಕಾ?" ಎಂದಳು ಹುಡುಗಿ. "ಕಂತು ಕಟ್ಟುವವಳು ನಾನು. ನನ್ನ ಸಂಬಳದಲ್ಲಿ ಎಣಿಸಿ."

ಮಾತು ಸರಿಯಾಗಿತ್ತು. ಅರ್ಧ ಮಾತ್ರ ಸರಿಯಾಗಿತ್ತು, ಏಕೆಂದರೆ ಸಾಲದ ಕಾಗದದಲ್ಲಿ ಅಪ್ಪ ಸಹ-ಸಾಲಗಾರ. ಕಂತು ಬಿದ್ದು ತೊಂಬತ್ತು ದಿನ ದಾಟಿದರೆ ಖಾತೆ ಅನುತ್ಪಾದಕವೆಂದು ಗುರುತಾಗುತ್ತದೆ, ಆ ಕಲೆ ಇಬ್ಬರ ಸಿಬಿಲ್ ದಾಖಲೆಗೂ, ಅಂದರೆ ಬ್ಯಾಂಕುಗಳು ನೋಡುವ ಸಾಲದ ಚರಿತ್ರೆಗೂ, ಅಂಟುತ್ತದೆ. ಮರುವರ್ಷ ಬೋರ್‌ವೆಲ್ಲಿಗೋ ಎತ್ತಿಗೋ ಸಾಲ ಕೇಳಲು ಹೋದ ಅಪ್ಪನಿಗೆ ಬ್ಯಾಂಕಿನಲ್ಲಿ ಸಿಗುವ ಉತ್ತರವನ್ನು ನಾನೇ ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಹೊಲ ಅಡವಿಟ್ಟಿಲ್ಲ, ನಿಜ. ಆದರೆ ಹೊಲ ನಡೆಸುವವನ ಹೆಸರು ಅಡವಾಗಿರುತ್ತದೆ.

ಆದರೂ ಅವಳ ಸಂಬಳದಲ್ಲೇ ಎಣಿಸಿದೆವು.

ಪುಸ್ತಿಕೆಯ ಆರೂವರೆ ಲಕ್ಷ

ಪುಸ್ತಿಕೆಯಲ್ಲಿ "ಸರಾಸರಿ ವಾರ್ಷಿಕ ಪ್ಯಾಕೇಜ್ 6.5 ಲಕ್ಷ" ಎಂದು ದಪ್ಪ ಅಕ್ಷರದಲ್ಲಿತ್ತು. ತಿಂಗಳಿಗೆ ಐವತ್ನಾಲ್ಕು ಸಾವಿರ. ಇದು ನಿಜವಾದರೆ ನಾನು ಎದ್ದು ಒಳಗೆ ಹೋಗಬಹುದಿತ್ತು. ಪುಸ್ತಿಕೆಯ ಮೇಲಿದ್ದ ನಂಬರಿಗೆ ಹುಡುಗಿಯಿಂದಲೇ ಫೋನ್ ಮಾಡಿಸಿದೆ. ಇಂಗ್ಲಿಷ್ ವಿಭಾಗದವರ ಸರಾಸರಿ ಎಷ್ಟು ಎಂದು ಕೇಳಿದಳು. ಅದು ಎಂಜಿನಿಯರಿಂಗ್, ಎಂಬಿಎ ಎಲ್ಲ ಸೇರಿಸಿ ತೆಗೆದ ಸರಾಸರಿ, ವಿಭಾಗವಾರು ವಿವರವನ್ನು ಇಮೇಲ್ ಮಾಡುತ್ತೇವೆ ಎಂದರು. ಆ ಇಮೇಲ್ ಈವರೆಗೂ ಬಂದಿಲ್ಲ.

ಸರಾಸರಿ ಎಂಬುದರ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ಹತ್ತು ಜನರಲ್ಲಿ ಒಬ್ಬನಿಗೆ 40 ಲಕ್ಷ, ಉಳಿದ ಒಂಬತ್ತು ಜನರಿಗೆ ಎರಡೂವರೆ ಲಕ್ಷ ಸಿಕ್ಕಿತೆನ್ನಿ. ಸರಾಸರಿ ಆರೂಕಾಲು ಲಕ್ಷ. ಆ ಆರೂಕಾಲು ಲಕ್ಷವನ್ನು ಕಣ್ಣಾರೆ ಕಂಡವರು ಹತ್ತರಲ್ಲಿ ಒಬ್ಬರೂ ಇಲ್ಲ. ಕಾಲೇಜಿನವರನ್ನು ಕೇಳಬೇಕಾದದ್ದು ಸರಾಸರಿಯನ್ನಲ್ಲ. ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನಿಗೆ ಎಷ್ಟು ಸಿಕ್ಕಿತು, ಕೆಲಸವೇ ಸಿಗದವರು ಎಷ್ಟು ಜನ ಎಂದು ಕೇಳಬೇಕು.

ಪುಸ್ತಿಕೆಯನ್ನು ಬದಿಗಿಟ್ಟು ನಮಗೆ ಕಾಣುವ ಬಾಗಿಲುಗಳನ್ನು ನೋಡಿದೆವು. ಬರೀ ಬಿ.ಎ. ಹಿಡಿದು ಬೆಂಗಳೂರಿನಲ್ಲೇ ಉಳಿದರೆ ಗ್ರಾಹಕ ಸೇವಾ ಕಂಪನಿಗಳಿವೆ. ಇವರ ಸಂಬಂಧಿಕರ ಮಗನೊಬ್ಬ ಅಲ್ಲಿದ್ದಾನೆ. ಅವನಿಗೇ ಫೋನ್ ಮಾಡಿ ಕೇಳಿದೆವು. ಕೈಗೆ ಬರುವುದು 21,000. ಊಟ ಸಹಿತ ಪಿಜಿಗೆ 9,000, ಓಡಾಟಕ್ಕೆ 2,000, ಮೊಬೈಲು, ಬಟ್ಟೆ, ಹಬ್ಬಕ್ಕೆ ಊರಿಗೆ ಬಂದುಹೋಗುವ ಖರ್ಚು ಸೇರಿ ಇನ್ನೊಂದು 2,000. ಉಳಿಯುವುದು 8,000. ಕಂತು 10,900. ಕಲಬುರಗಿಗೆ ಮರಳಿ ಬಡಾವಣೆಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿದರೆ? ನಮ್ಮ ಬೀದಿಯ ಶಾಲೆಯೊಂದರಲ್ಲಿ ಹೊಸಬರಿಗೆ 9,000 ಕೊಡುತ್ತಾರೆ. ಲೆಕ್ಕ ಅಲ್ಲಿಗೇ ನಿಂತಿತು.

ಸರ್ಕಾರದ ಯುವನಿಧಿ ಇದೆಯಲ್ಲ ಎಂದರು ಅಪ್ಪ. ಇದೆ. ಪದವಿ ಮುಗಿದು 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಓದು ಮುಂದುವರಿಸಿದವರಿಗೆ ಅದೂ ಇಲ್ಲ.

ಹುಡುಗಿಗೆ ನಿಜವಾಗಿ ಬೇಕಾಗಿದ್ದುದು ಪಾಠ ಹೇಳುವ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂಗ್ಲಿಷ್ ಪದವಿಗೆ ನಮ್ಮ ಭಾಗದಲ್ಲಿ ನಿಜವಾದ ಬೆಲೆ ಇರುವುದೇ ಇಲ್ಲಿ. 2007ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಬಂದಿವೆ. ಹಳ್ಳಿಗಳಲ್ಲಿ ಇಂಗ್ಲಿಷನ್ನು ಹೆದರದೆ ಕಲಿಸುವ ಮೇಷ್ಟರಿಗಾಗಿ ಜನ ಕಾಯುತ್ತಾರೆ. ಅದರ ಮೇಲೆ ಸಂವಿಧಾನದ 371 (ಜೆ) ವಿಧಿ ಇದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80 ಇಲ್ಲಿನವರಿಗೇ ಮೀಸಲು. ಬೆಂಗಳೂರಿನಲ್ಲಿ ಓದಿದರೆ ಆ ಹಕ್ಕು ಹೋಗುತ್ತದೆಯೇ ಎಂಬ ಹೆದರಿಕೆ ಅಪ್ಪನಿಗಿತ್ತು. ಹೋಗುವುದಿಲ್ಲ. ಅವಳು ಹುಟ್ಟಿದ್ದು ಇಲ್ಲಿ, ಅರ್ಹತಾ ಪ್ರಮಾಣಪತ್ರಕ್ಕೆ ಅದು ಸಾಕು.

ಹಾಗಾದರೆ ತೊಡಕು ಎಲ್ಲಿ? ಕಾಲದಲ್ಲಿ. ಪ್ರೌಢಶಾಲೆಯಲ್ಲಿ ಕಲಿಸಲು ಬಿ.ಎ. ಮೇಲೆ ಎರಡು ವರ್ಷದ ಬಿ.ಎಡ್. ಬೇಕು. ಪಿಯು ಕಾಲೇಜಿಗೆ ಎಂ.ಎ. ಜೊತೆಗೆ ಬಿ.ಎಡ್. ಪದವಿ ಕಾಲೇಜಿಗೆ ಎಂ.ಎ. ಮೇಲೆ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ. ಇವೆಲ್ಲ ಆದ ಮೇಲೂ ನೇಮಕಾತಿಗೆ ತನ್ನದೇ ನಡಿಗೆಯಿದೆ. 2022ರ ಮೇ ತಿಂಗಳಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅದರಲ್ಲಿ 5,000 ನಮ್ಮ ಭಾಗಕ್ಕೇ ಇದ್ದವು. ವಿವಾಹಿತ ಮಹಿಳೆಯರು ಗಂಡನ ಆದಾಯ ಪ್ರಮಾಣಪತ್ರ ಕೊಡಬೇಕೋ ತಂದೆಯದೋ ಎಂಬ ತಕರಾರು ಕೋರ್ಟಿಗೆ ಹೋಗಿ, ನೇಮಕಾತಿ ಆದೇಶ ಕೈಗೆ ಬರುವಾಗ 2023 ಮುಗಿಯುತ್ತ ಬಂದಿತ್ತು. ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರನ್ನು ಕರೆದದ್ದು 2021ರಲ್ಲಿ, ಪರೀಕ್ಷೆ 2022ರ ಮಾರ್ಚಿನಲ್ಲಿ. ಅಲ್ಲಿ ಆಯ್ಕೆಯಾದರೆ ಆರಂಭದ ಮೂಲವೇತನವೇ 57,700. ಪುಸ್ತಿಕೆಯ ಐವತ್ನಾಲ್ಕು ಸಾವಿರವನ್ನು ಅದು ದಾಟುತ್ತದೆ. ಆದರೆ ಆ ಕುರ್ಚಿ ತಲುಪುವಾಗ ಈ ಹುಡುಗಿಗೆ ಇಪ್ಪತ್ತೆಂಟೋ ಮೂವತ್ತೋ ಆಗಿರುತ್ತದೆ. ಬ್ಯಾಂಕ್ ಮೊದಲ ಕಂತು ಕೇಳುವುದು ಅವಳಿಗೆ ಇಪ್ಪತ್ತೆರಡು ತುಂಬುವಾಗ.

ನಡುವಿನ ವರ್ಷಗಳಲ್ಲಿ ಏನಿದೆ ಎಂದರೆ ಅತಿಥಿ ಕೆಲಸವಿದೆ. 2025ರ ಬಜೆಟ್ಟಿನಲ್ಲಿ 2,000 ಏರಿದ ಮೇಲೆ ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,500. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ಗೌರವಧನ 11,000–13,000ದಲ್ಲಿ ವರ್ಷಗಟ್ಟಲೆ ನಿಂತಿದ್ದು, 2022ರ ಜನವರಿಯಲ್ಲಿ ಅರ್ಹತೆ ಮತ್ತು ಅನುಭವ ನೋಡಿ 26,000ದಿಂದ 32,000ದವರೆಗೆ ಏರಿತು. ಆ ಬಾಗಿಲಿಗೆ ಎಂ.ಎ. ಬೇಕು. ಅಂದರೆ ಬಿ.ಎಡ್. ಮುಗಿಸಿ ಪ್ರೌಢಶಾಲೆಯ ಅತಿಥಿ ಶಿಕ್ಷಕಿಯಾದರೆ 12,500ರಲ್ಲಿ ಬ್ಯಾಂಕಿಗೆ 10,900. ಉಳಿದ 1,600ರಲ್ಲಿ ತಿಂಗಳು. ಬಿ.ಎಡ್. ಮುಗಿಯುವುದಾದರೂ 2030ಕ್ಕೆ. ಕಂತು ಅದಕ್ಕೂ ಒಂದು ವರ್ಷ ಮೊದಲೇ ಶುರುವಾಗಿರುತ್ತದೆ. ಮುಂದಿನ ಓದಿಗೆ ಮತ್ತೆ ಸಾಲ ತೆಗೆದು ಕಂತನ್ನು ಮುಂದೂಡಬಹುದು, ಬಡ್ಡಿಯನ್ನು ಮುಂದೂಡಲಾಗದು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದೆ. ಮೇಲಿನದು ಸಾಲದ್ದು, 2029ರಲ್ಲಿ ಶುರು. ಕೆಳಗಿನದು ಸಂಬಳದ್ದು, ಕಂತು ಕಟ್ಟಿಯೂ ಊಟ ಮಾಡಬಹುದಾದ ಸಂಬಳ. ಅದು 2032ಕ್ಕೋ 2035ಕ್ಕೋ. ನಡುವಿನ ಖಾಲಿ ಜಾಗವನ್ನು ತುಂಬಬೇಕಾದದ್ದು ನಾಲ್ಕು ಎಕರೆ ತೊಗರಿ. ಇಂಗ್ಲಿಷ್ ಪದವಿ ಕೆಟ್ಟ ಹೂಡಿಕೆ ಎನ್ನುವವರ ಜೊತೆ ನಾನು ಜಗಳವಾಡುತ್ತೇನೆ. ಅದು ತಡವಾಗಿ ಫಲ ಕೊಡುವ ಮರ, ಮಾವಿನ ಹಾಗೆ. ಆರು ತಿಂಗಳ ಬೆಳೆಗೆ ಕೊಡುವ ಸಾಲದ ಕರಾರಿನಲ್ಲಿ ಮಾವಿನ ತೋಟ ಹಾಕಲಾಗದು.

ಬಡ್ಡಿ ಸಹಾಯಧನದ ವಿಷಯವನ್ನು ಬೇಗ ಮುಗಿಸುತ್ತೇನೆ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ ಓದಿನ ಅವಧಿಯ ಬಡ್ಡಿಯನ್ನು ಪೂರ್ತಿ ಕೇಂದ್ರವೇ ಭರಿಸುವ ಯೋಜನೆ ಇದೆ. ಆದರೆ ಅದು ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ. ಬಿ.ಎ. ಇಂಗ್ಲಿಷ್ ಎರಡೂ ಅಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಎಂಟು ಲಕ್ಷದವರೆಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಉಂಟು, ಕೋರ್ಸ್ ಯಾವುದೆಂದು ಕೇಳುವುದಿಲ್ಲ. ಕೇಳುವುದು ಸಂಸ್ಥೆಯನ್ನು. ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೇಲಿರುವ ಸಂಸ್ಥೆಗಳು ಮತ್ತು ಕೇಂದ್ರ ಸರ್ಕಾರದ ಸಂಸ್ಥೆಗಳು ಸೇರಿ ಆಗ 860ರ ಪಟ್ಟಿ ಇತ್ತು. ಹುಡುಗಿ ಮೊಬೈಲಿನಲ್ಲಿ ಹುಡುಕಿದಳು. ಪುಸ್ತಿಕೆಯ ವಿಶ್ವವಿದ್ಯಾಲಯ ಅದರಲ್ಲಿ ಇರಲಿಲ್ಲ.

ಲಂಡನ್ನಿನ ವಿಡಿಯೊ

ಅವಳೂ ಸುಮ್ಮನೆ ಬಂದಿರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ಒಂದನ್ನು ತೋರಿಸಿದಳು. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಹೆಣ್ಣುಮಗಳೊಬ್ಬಳು, ಸಾಲಕ್ಕೆ ಹೆದರಿ ಇಷ್ಟದ ವಿಷಯ ಬಿಡಬೇಡಿ, ನಾನು ಇನ್ನೂ ಹೆಚ್ಚೇನೂ ಕಟ್ಟಿಲ್ಲ, ಆರಾಮಾಗಿದ್ದೇನೆ ಎನ್ನುತ್ತಿದ್ದಳು.

ಅವಳು ಹೇಳಿದ್ದು ಅವಳ ದೇಶದ ಮಟ್ಟಿಗೆ ನಿಜ. ಅಲ್ಲಿ 2023ರ ಆಗಸ್ಟ್ ನಂತರ ಓದಲು ಸೇರಿದವರ ಸಾಲದ ಕಟ್ಟಳೆ ಹೀಗಿದೆ: ವರ್ಷದ ಆದಾಯ 25,000 ಪೌಂಡ್ ದಾಟುವವರೆಗೆ ಏನನ್ನೂ ಕಟ್ಟಬೇಕಿಲ್ಲ, ದಾಟಿದ ಮೇಲೂ ಹೆಚ್ಚುವರಿಯ ಶೇ 9 ಮಾತ್ರ. ನಲವತ್ತು ವರ್ಷವಾದ ಮೇಲೆ ಉಳಿದದ್ದು ಮನ್ನಾ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಹೆಸರಿಗೆ ಸಾಲವಾದರೂ ಅದು ತೆರಿಗೆಯ ಹಾಗೆ ನಡೆದುಕೊಳ್ಳುತ್ತದೆ. ನಮ್ಮದು ಹಾಗಲ್ಲ. ನಮ್ಮ ಕಂತಿಗೆ ಸಂಬಳದ ಪರಿಚಯವೇ ಇಲ್ಲ. ಇಪ್ಪತ್ತು ಸಾವಿರ ಬಂದರೂ 10,900, ಏನೂ ಬರದಿದ್ದರೂ 10,900. ಆ ದೇಶದವರ ಧೈರ್ಯವನ್ನು ಈ ದೇಶದ ಕಾಗದಕ್ಕೆ ಸಹಿ ಹಾಕಲು ಬಳಸಬಾರದು ಎಂದೆ. ಅವಳು ಮೊಬೈಲನ್ನು ಮಗುಚಿಟ್ಟಳು.

ಕಲಬುರಗಿಯ ದಾರಿ

ಆಮೇಲೆ ಎಣಿಸಿದ್ದು ಬೇರೆ ದಾರಿಯನ್ನು. ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವೇ ಇದೆ. 1958ರಲ್ಲಿ ಸಂಸ್ಥೆಯಾಗಿ ಹುಟ್ಟಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದದ್ದು. ಶುಲ್ಕ ಕಡಿಮೆ, ಹೆಸರು ದೊಡ್ಡದು, ಕಲಬುರಗಿಯಿಂದ ಒಂದು ರಾತ್ರಿಯ ಪ್ರಯಾಣವೂ ಇಲ್ಲ. ಅಲ್ಲಿಗೆ ಸೇರಲು ಬರೆಯಬೇಕಾದ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಅರ್ಜಿ ಮಾರ್ಚಿನಲ್ಲೇ ಮುಗಿದುಹೋಗಿತ್ತು. ಹುಡುಗಿಗೆ ಆ ಪರೀಕ್ಷೆಯ ಹೆಸರೇ ಗೊತ್ತಿರಲಿಲ್ಲ. ಶೇ 91 ತೆಗೆದವಳಿಗೆ ಆರು ವಾರ ಮೊದಲು ಯಾರೂ ಒಂದು ಮಾತು ಹೇಳಿರಲಿಲ್ಲ. ಪುಸ್ತಿಕೆಯ ಮಳಿಗೆಯವರು ಜಿಲ್ಲೆಯವರೆಗೆ ಬರುತ್ತಾರೆ. ಕಡಿಮೆ ಶುಲ್ಕದವರು ಯಾಕೆ ಬರುವುದಿಲ್ಲ? ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಏಳೂವರೆ ಲಕ್ಷದ ಸಾಲಕ್ಕಲ್ಲ, ತಪ್ಪಿಹೋದ ಈ ಅರ್ಜಿಗೆ.

ಉಳಿದದ್ದು ಕಲಬುರಗಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ. ಇಂಗ್ಲಿಷಿನ ಜೊತೆ ಇತಿಹಾಸ, ರಾಜ್ಯಶಾಸ್ತ್ರ. ಇಲಾಖೆಯ ಹಾಸ್ಟೆಲ್. ಊರಿಗೆ ಹೋಗಿಬರಲು 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ರೈತರ ಮಕ್ಕಳ ವಿದ್ಯಾನಿಧಿಯಿಂದ ಬಿ.ಎ. ಓದುವ ಹುಡುಗಿಗೆ ವರ್ಷಕ್ಕೆ 5,500, ಸ್ನಾತಕೋತ್ತರಕ್ಕೆ ಹೋದರೆ 11,000. ಪುಸ್ತಕ, ಪರೀಕ್ಷಾ ಶುಲ್ಕ, ಕೈಖರ್ಚು ಎಲ್ಲ ಸೇರಿ ವರ್ಷಕ್ಕೆ 25,000 ಆಗಬಹುದೆಂದು ಅಂದಾಜಿಸಿದೆವು. ಮೂರು ವರ್ಷಕ್ಕೂ ಸಾಲ ಬೇಡ.

ಆಮೇಲೆ ಎಂ.ಎ. ಗುಲಬರ್ಗಾ ವಿಶ್ವವಿದ್ಯಾಲಯ ಇಲ್ಲೇ ಇದೆ, ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಷ್ಟರಲ್ಲಿ ಸಿದ್ಧತೆ ಮಾಡಿಕೊಂಡರೆ ಹೈದರಾಬಾದೂ ಇದೆ. ಅಲ್ಲಿ ಸಾಲ ಬೇಕಾದರೆ ತೆಗೆಯಲಿ ಎಂದೆ. ವರ್ಷಕ್ಕೆ 75,000ದಂತೆ ಒಂದೂವರೆ ಲಕ್ಷ. ಅದೇ ಶೇ 10.5ರಲ್ಲಿ ಕಂತಿನ ದಿನ ಅದು 1,89,375 ಆಗುತ್ತದೆ, ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 2,550. ಕೇಂದ್ರೀಯ ವಿಶ್ವವಿದ್ಯಾಲಯವಾದರೆ ವಿದ್ಯಾಲಕ್ಷ್ಮಿಯ ಶೇ 3 ರಿಯಾಯಿತಿಗೂ ಅರ್ಜಿ ಹಾಕಬಹುದು. ನನ್ನದೊಂದು ಒರಟು ಅಳತೆ ಇದೆ. ಆಸೆಯ ಸಂಬಳವನ್ನು ಬಿಟ್ಟು, ಆ ಪದವಿಗೆ ಮೊದಲ ವರ್ಷ ಸಿಗಬಹುದಾದ ಅತಿ ಕಡಿಮೆ ಸಂಬಳವನ್ನು ಹಿಡಿಯಬೇಕು, ಕಂತು ಅದರ ಐದನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಅತಿಥಿ ಶಿಕ್ಷಕಿಯ 12,500ರಲ್ಲಿ ಐದನೇ ಒಂದು ಭಾಗ 2,500. ಹೊಂದುತ್ತದೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕಿಬಿಟ್ಟರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ಸಂಶೋಧನಾ ವೇತನ. ಅದನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಬಂದರೆ ಹಬ್ಬ.

ಅಪ್ಪ ನಿಟ್ಟುಸಿರು ಬಿಟ್ಟು ಪಹಣಿಯನ್ನು ಚೀಲಕ್ಕೆ ಹಾಕಿದರು. ಪ್ರಕರಣ ಇಲ್ಲಿಗೆ ಮುಗಿಯಿತೆಂದು ನಾನು ಪೆನ್ಸಿಲ್ ಕೆಳಗಿಟ್ಟೆ.

"ಕಾಕಾ, ಒಂದು ಕೇಳಲೇ?" ಎಂದಳು ಹುಡುಗಿ. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ನನ್ನ ತಮ್ಮ ಹತ್ತನೇ ತರಗತಿಗೆ ಹೋಗುತ್ತಿದ್ದಾನೆ. ಅವನನ್ನು ಎಂಜಿನಿಯರ್ ಮಾಡಬೇಕೆಂದು ಮನೆಯಲ್ಲಿ ಈಗಲೇ ಮಾತು. ಅವನು ಬೆಂಗಳೂರಿನ ಪುಸ್ತಿಕೆ ತಂದಿದ್ದರೆ ಅವನಿಗೂ ಹೀಗೆ ತೊಗರಿಯಲ್ಲಿ ಎಣಿಸುತ್ತಿದ್ದಿರಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ನಾನು ನಿವೃತ್ತನಾಗುವ ಎರಡು ವರ್ಷ ಮೊದಲು ಪರಿಚಯದ ಕಿರಾಣಿ ಅಂಗಡಿಯವರ ಮಗನ ಎಂಜಿನಿಯರಿಂಗ್ ಸಾಲ ಏಳು ಲಕ್ಷ, ಆ ಕಡತಕ್ಕೆ ಸಹಿ ಹಾಕಿದ್ದು ನಾನೇ. ಯಾವ ಕಾಲೇಜು, ಯಾವ ವಿಭಾಗ, ಕಳೆದ ವರ್ಷ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಒಂದನ್ನೂ ಕೇಳಿರಲಿಲ್ಲ. ಎಂಜಿನಿಯರಿಂಗ್ ಎಂಬ ಒಂದೇ ಪದ ಎಲ್ಲ ಪ್ರಶ್ನೆಗಳಿಗೆ ಉತ್ತರದಂತೆ ಕಂಡಿತ್ತು. ಆ ಹುಡುಗ ಓದು ಮುಗಿಸಿ 18,000ಕ್ಕೆ ಕೆಲಸಕ್ಕೆ ಸೇರಿದ. ಅವನ ಕಂತನ್ನು ಅವನಪ್ಪ ಬಹಳ ಕಾಲ ಅಂಗಡಿಯ ಗಲ್ಲೆಯಿಂದ ಕಟ್ಟಿದರು. ಎದುರು ಸಿಕ್ಕಾಗ ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

"ಎಣಿಸುತ್ತಿರಲಿಲ್ಲವ್ವಾ," ಎಂದೆ.

ಅವಳು ತಲೆಯಾಡಿಸಿದಳು. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು.

ನನ್ನ ಲೆಕ್ಕದ ಬಗ್ಗೆ ನನಗೇ ಒಂದು ಅನುಮಾನವಿದೆ, ಅದನ್ನೂ ಬರೆದುಬಿಡುತ್ತೇನೆ. ಬೆಂಗಳೂರಿನಲ್ಲಿ ಮೂರು ವರ್ಷ ಇದ್ದಿದ್ದರೆ ಅವಳ ನಾಲಿಗೆಗೆ ಬರುತ್ತಿದ್ದ ಇಂಗ್ಲಿಷ್, ಸಿಗುತ್ತಿದ್ದ ಗೆಳೆಯರು, ಯಾವುದೋ ಪ್ರಕಾಶನದಲ್ಲೋ ಪತ್ರಿಕೆಯಲ್ಲೋ ತೆರೆಯಬಹುದಾಗಿದ್ದ ಬಾಗಿಲು, ಇವು ಕ್ಯಾಲೆಂಡರಿನ ಹಿಂಬದಿಯಲ್ಲಿ ಹಿಡಿಯಲಿಲ್ಲ. ಹಿಡಿಯುವ ಅಂಕಿಗಳನ್ನಷ್ಟೇ ನಾನು ಬರೆದೆ. ಅಪ್ಪನಿಗೆ ನಾಲ್ಕರ ಬದಲು ಹದಿನಾಲ್ಕು ಎಕರೆ ನೀರಾವರಿ ಇದ್ದಿದ್ದರೆ ಹೋಗು ಎನ್ನುತ್ತಿದ್ದೆ. ಪದವಿ ಅದೇ, ಹುಡುಗಿ ಅವಳೇ.

ಅವಳು ಜೂನಿನಲ್ಲಿ ಕಲಬುರಗಿಯ ಕಾಲೇಜಿಗೆ ಸೇರಿದಳು. ಮೊದಲ ಎರಡು ತಿಂಗಳು ನನ್ನ ಜೊತೆ ಮಾತು ಕಡಿಮೆ ಇತ್ತು. ಆಮೇಲೆ ಹಾಸ್ಟೆಲಿನಿಂದ ಭಾನುವಾರ ಬಂದು ನಮ್ಮ ಮನೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟನ್ನು ಒಯ್ಯತೊಡಗಿದಳು. ಪಕ್ಕದ ಬೀದಿಯ ಇಬ್ಬರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಾಳೆ, ಇಬ್ಬರಿಂದ ಸೇರಿ ತಿಂಗಳಿಗೆ 1,500. ಹಾಸ್ಟೆಲಿನ ಕೋಣೆಯ ಗೋಡೆಗೆ ಸಿಯುಇಟಿ ಸ್ನಾತಕೋತ್ತರ ಪರೀಕ್ಷೆ ಎಂದು ಬರೆದು ಅಂಟಿಸಿದ್ದಾಳಂತೆ, ಮೂರು ವರ್ಷ ಮೊದಲೇ.

ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಳು. ಜೇವರ್ಗಿ, ಅಫಜಲಪುರದ ಕಡೆ ಹೊಲಗಳಲ್ಲಿ ವಾರಗಟ್ಟಲೆ ನೀರು ನಿಂತಿತು.

2026ರ ಜನವರಿಯಲ್ಲಿ ಅಪ್ಪ ಗಂಜಿಗೆ ತೊಗರಿ ತಂದ ದಿನ ಮನೆಗೆ ಬಂದರು, ಈ ಸಲ ಮಗನ ಜೊತೆ. ಹುಡುಗಿಯೂ ಹಾಸ್ಟೆಲಿನಿಂದ ಬಂದು ಸೇರಿದಳು. ಮಗನ ಕೈಯಲ್ಲಿ ಪುಸ್ತಿಕೆ ಇತ್ತು, ನೀಟ್ ಮತ್ತು ಸಿಇಟಿ ತರಬೇತಿ ಸಹಿತ ವಸತಿ ಪಿಯು ಕಾಲೇಜಿನದು, ವರ್ಷಕ್ಕೆ 1,80,000. ನಾನು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಗೋಡೆಯಲ್ಲಿ ತೂಗುತ್ತಿದ್ದ ಹಳೆಯ ಕ್ಯಾಲೆಂಡರನ್ನು ಇಳಿಸಿ, ಮಗುಚಿ, ನನ್ನ ಪೆನ್ಸಿಲ್ ಹಿಡಿದು ಕುಳಿತಿದ್ದಳು. ಈ ವರ್ಷದ ಬೆಂಬಲ ಬೆಲೆ 8,000 ಎಂದು ಮೇಲೆ ಬರೆದಿದ್ದಳು.

"ಅಪ್ಪಾ, ನಾಲ್ಕು ಎಕರೆಗೆ ಈ ಸಲ ಎಷ್ಟು ಬಂತು?"

"ಏಳು ಕ್ವಿಂಟಲ್."

ಅವಳು ಏಳು ಎಂದು ಬರೆದುಕೊಂಡು, ತಮ್ಮನ ಕಡೆಗೆ ಕೈಚಾಚಿ ಪುಸ್ತಿಕೆ ಕೊಡು ಎಂದಳು.